ಬಂಗಾರಕ್ಕನ ಬಂಗಾರದ ಜಿಂಕೆ

ಗಣಪತಿಯ ಪೂಜೆ ಮುಗಿದು, ವೀಣಾಪಾಣಿಯಾದ ಶಾರದೆಯು ಪರದೆಯ ಮೇಲೆ ಒಮ್ಮೆ ಸುಳಿದು ಮರೆಯಾಗಿ, ರಾಮಾಯಣದ ಗಂಭೀರವಾದ ಪದವೊಂದನ್ನು ಸೂತ್ರಧಾರನ ಕಂಠವು ಇನ್ನೇನು ಎತ್ತಿಕೊಳ್ಳಬೇಕೆನ್ನುವ ಹೊತ್ತಿಗೆ, ಹೊಟ್ಟೆಯನ್ನು ಮುಂದಕ್ಕೆ ಚಾಚಿ, ಗುಂಗುರು ಕೂದಲನ್ನು ಕೆದರಿಕೊಂಡು, ಮೊಂಡು ಮೂಗಿನ ಕಪ್ಪು ಮನುಷ್ಯನೊಬ್ಬನು ಪರದೆಯ ಅಂಚಿನಿಂದ ಕುಪ್ಪಳಿಸುತ್ತ ನುಗ್ಗಿಬರುವನು. ಅವನ ಬೆನ್ನ ಹಿಂದೆಯೇ, ಅವನನ್ನು ಬೈಯುತ್ತ, ಅವನಿಗಿಂತ ಒಂದು ಪದವನ್ನಾದರೂ ಹೆಚ್ಚಾಗಿಯೇ ಆಡುತ್ತ, ಅವನ ಹೆಂಡತಿ ಬರುವಳು. ಅವನು ಕಿಳ್ಳೇಕ್ಯಾತ, ಅವಳು ಬಂಗಾರಕ್ಕ. ಕರ್ಣಾಟಕದ ತೊಗಲುಗೊಂಬೆಯಾಟವನ್ನು ಕಂಡವರಿಗೆ ಈ ದಂಪತಿಗಳ ಪರಿಚಯವನ್ನು ಹೇಳಬೇಕಾದುದಿಲ್ಲ. ರಾಮನು ಮರೆತುಹೋದಾನು, ರಾವಣನು ಮರೆತುಹೋದಾನು, ಆದರೆ ಬಾಲ್ಯದಲ್ಲಿ ಒಮ್ಮೆ ಕಂಡ ಈ ಗಂಡಹೆಂಡಿರ ಜಗಳವು ಮುಪ್ಪಿನವರೆಗೂ ನೆನಪಿನಲ್ಲಿ ಉಳಿಯುವುದುಂಟು.

ಚಲಿಸುವ ಚಿತ್ರಗಳಿಂದ ಒಂದು ಸಂಸಾರವನ್ನು ಸೃಷ್ಟಿಸಿ, ಆ ಸಂಸಾರದ ದಿನನಿತ್ಯದ ತಾಪತ್ರಯಗಳನ್ನು ಕಂತುಕಂತಾಗಿ ತೋರಿಸಿ ಜನರನ್ನು ನಗಿಸುವ ಕಲೆಯು ದೂರದರ್ಶನದ ಯುಗದ್ದೆಂದೂ ಅದು ಅಮೆರಿಕದಲ್ಲಿ ಹುಟ್ಟಿತೆಂದೂ ತಿಳಿಯುವುದು ಇಂದು ಸಾಮಾನ್ಯವಾಗಿದೆ. ಆ ತಿಳಿವಳಿಕೆಗೆ ಆಧಾರವಿಲ್ಲದಿಲ್ಲ. ವಿಲಿಯಮ್ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಇಬ್ಬರು ಕಲಾವಿದರ ಸಂಸ್ಥೆಯು ಶಿಲಾಯುಗದ ಒಂದು ಕುಟುಂಬವನ್ನು ಕುರಿತು ರಚಿಸಿದ ‘ಫ್ಲಿಂಟ್‌ಸ್ಟೋನ್ಸ್’ ಎಂಬ ಸರಣಿಯು 1960ರ ಸೆಪ್ಟೆಂಬರ್ 30ರಂದು ಮೊದಲ್ಗೊಂಡು 1966ರವರೆಗೆ ನಡೆಯಿತು. ಅದುವರೆಗೆ ಮಕ್ಕಳ ಪಾಲಿಗೆ ಮೀಸಲಾಗಿದ್ದ ಇಂಥ ಚಿತ್ರಗಳು ದೊಡ್ಡವರು ಊಟ ಮುಗಿಸಿ ಕೂಡುವ ರಾತ್ರಿಯ ಹೊತ್ತಿಗೆ ಪ್ರವೇಶ ಪಡೆದುದು ಅದರಿಂದಲೇ. ಜಪಾನಿನಲ್ಲಿ ಮಾಚಿಕೊ ಹಸೆಗಾವ ಎಂಬ ಮಹಿಳೆಯ ವ್ಯಂಗ್ಯಚಿತ್ರಗಳಿಂದ ಹೊರಟ ‘ಸಝಾಎ-ಸಾನ್’ ಎಂಬ ಕುಟುಂಬಕಥೆಯು 1969ರ ಅಕ್ಟೋಬರ್ ತಿಂಗಳಿಂದ ಇಂದಿನವರೆಗೂ ಭಾನುವಾರದ ಸಂಜೆಗಳಲ್ಲಿ ಬರುತ್ತಲೇ ಇದೆ. 1989ರ ಡಿಸೆಂಬರ್ 17ರಂದು ಪ್ರತ್ಯೇಕ ಸರಣಿಯಾಗಿ ಆರಂಭವಾದ ಮ್ಯಾಟ್ ಗ್ರೋನಿಂಗರ ‘ಸಿಂಪ್ಸನ್ಸ್’ ಲೋಕಪ್ರಸಿದ್ಧವಾಗಿದೆ. ಇಂಥ ಸರಣಿಗಳ ಬಿಡಿಬಿಡಿ ಕಂತುಗಳಿಗೂ ಪತ್ರಿಕೆಗಳಲ್ಲಿ ವಿಮರ್ಶೆ ಬರುವುದುಂಟು: ಸನ್ನಿವೇಶ ಹೇಗೆ ಕಟ್ಟಿಕೊಂಡಿತು, ಮಾತು ಎಲ್ಲಿ ಚುರುಕಾಯಿತು, ಎಲ್ಲಿ ಸಡಿಲವಾಯಿತು, ಕೊನೆಯು ಒಪ್ಪುವಂತಿತ್ತೆ ಎಂದು ವಿದ್ಯಾವಂತರು ಚರ್ಚಿಸುತ್ತಾರೆ. ಚಿತ್ರದುರ್ಗದ ಸೀಮೆಯಲ್ಲಿ ವಿದ್ಯುದ್ದೀಪವು ಬರುವುದಕ್ಕೆ ಎಷ್ಟೋ ಮುಂಚಿನಿಂದ ಹರಳೆಣ್ಣೆಯ ದೀಪದ ಮುಂದೆ ಆಡುತ್ತ ಬಂದ ಈ ತೊಗಲಿನ ಸಂಸಾರಕ್ಕೆ ಅಂಥ ಗೌರವವು ಸಲ್ಲುವುದು ಬಹು ಅಪೂರ್ವ. ರಾಮಾಯಣದ ಭಾಗವನ್ನು ವಿದ್ವಾಂಸರು ಸಂಗ್ರಹಿಸಿದರು. ನಡುನಡುವೆ ಬರುವ ಹಾಸ್ಯವನ್ನು, ನಿದ್ದೆ ಬಂದ ಪ್ರೇಕ್ಷಕರನ್ನು ಎಬ್ಬಿಸುವ ಉಪಾಯವೆಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರು. ಅದು ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಿಳ್ಳೇಕ್ಯಾತನ ಒಂದು ಪ್ರಸಂಗವನ್ನು, ಅದು ಸ್ವತಂತ್ರವಾದ ಕೃತಿಯೆಂದೇ ಭಾವಿಸಿ, ಗುಣದೋಷಗಳನ್ನು ತೂಗಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಆಟವನ್ನು ಆಡಿಸುವವರ ವಿಷಯವನ್ನು ಮೊದಲು ಸ್ವಲ್ಪ ಹೇಳಬೇಕು. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು, ಕಟಬರು, ಗೊಂಬೆರಾಮರು ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿನಿಂದ ಕರೆಯಿಸಿಕೊಳ್ಳುವ ಈ ಅಲೆಮಾರಿ ಜನಾಂಗದವರು ಮನೆಯೊಳಗೆ ಮರಾಠಿಯ ಬಳಿಯದಾದ ಒಂದು ನುಡಿಯನ್ನಾಡುತ್ತಾರೆ. ಪರದೆಯ ಮೇಲೆ ಮಾತ್ರ ಅಚ್ಚ ಕನ್ನಡ. 1909ರಲ್ಲಿ ಏಳು ಸಂಪುಟಗಳಾಗಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ನರು, ಬಳ್ಳಾರಿಯ ಪ್ರಾಂತದಲ್ಲಿ ಚಿತ್ರಗಳನ್ನು ತೋರಿಸುತ್ತ ತಿರುಗುವವರೆಂದು ಇವರನ್ನು ದಾಖಲಿಸಿದ್ದಾರೆ. ಆ ಪ್ರಾಂತವು ದುರ್ಗದ ಸೀಮೆಗೆ ಹೊಂದಿಕೊಂಡೇ ಇರುವುದಷ್ಟೆ. ಒಂದೊಂದು ಮನೆತನಕ್ಕೆ ಇಂತಿಂಥ ಊರುಗಳೆಂದು ಪರಂಪರೆಯ ಹಕ್ಕು ಇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಗೊಂಬೆಗಳ ಪೆಟ್ಟಿಗೆಯನ್ನು ಹೊತ್ತು ಆ ಊರುಗಳಿಗೆ ಹೋಗಿ ಆಡಿ, ದವಸವನ್ನು ಪಡೆದು ಮುಂದಿನ ಊರಿಗೆ ನಡೆಯುತ್ತಿದ್ದರು. ಉಳಿದ ಕಾಲದಲ್ಲಿ ಕೆರೆಹೊಳೆಗಳಲ್ಲಿ ಮೀನು ಹಿಡಿಯುವುದೂ ಇವರ ಜೀವನೋಪಾಯವಾಗಿತ್ತು. ಮಳೆ ಬಾರದಿದ್ದರೆ, ದನಕರುಗಳಿಗೆ ರೋಗ ತಗುಲಿದರೆ ಊರವರೇ ಇವರನ್ನು ಕರೆಯಿಸಿ ಆಟವಾಡಿಸುತ್ತಿದ್ದರು. ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಮೋಡವನ್ನು ನೋಡುತ್ತಲೇ ಬದುಕುವ ಈ ಬಯಲುನಾಡಿನಲ್ಲಿ ಆ ಕರೆಗೆ ಎಷ್ಟು ಅರ್ಥವಿದ್ದಿತೆಂಬುದನ್ನು ಊಹಿಸಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಮೇಳವೆಂದರೆ ಒಂದು ಕುಟುಂಬವೇ. ಗಂಡನು ಗೊಂಬೆಗಳನ್ನು ಕುಣಿಸುತ್ತ ಕಥೆ ಹೇಳುವನು. ಹೆಂಡತಿಯು ಸ್ತ್ರೀಪಾತ್ರಗಳ ಮಾತನ್ನೂ ಹಾಡನ್ನೂ ವಹಿಸಿಕೊಳ್ಳುವಳು. ಮಗನು ಮದ್ದಳೆಗೋ ಹಾರ್ಮೋನಿಯಮ್ಮಿಗೋ ಕೂಡುವನು. ಮಗಳೋ ಸೊಸೆಯೋ ತಾಳ ಹಾಕುವಳು. ಯಕ್ಷಗಾನದಲ್ಲಿಯೂ ದೊಡ್ಡಾಟದಲ್ಲಿಯೂ ಹೆಣ್ಣಿನ ವೇಷವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ, ಈ ಪರದೆಯ ಹಿಂದೆ ಹೆಣ್ಣಿನ ಮಾತನ್ನು ಹೆಣ್ಣೇ ಆಡುತ್ತಿದ್ದಳು. ಆದುದರಿಂದ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಜಗಳವಾಡುವಾಗ, ಅನೇಕ ವೇಳೆ, ಪರದೆಯ ಹಿಂದೆ ನಿಜವಾದ ಗಂಡಹೆಂಡಿರೇ ಎದುರುಬದುರಾಗಿರುತ್ತಾರೆ. ಅಮೆರಿಕದ ಸರಣಿಯಲ್ಲಿ ಸಂಸಾರವೆಂಬುದು ಬರೆಹಗಾರರು ಕಲ್ಪಿಸಿ, ಚಿತ್ರಕಾರರು ಬರೆದು, ನಟರು ಧ್ವನಿ ಕೊಟ್ಟ ವಸ್ತು. ಇಲ್ಲಿ ಅದು ದೀಪದ ಎರಡು ಮಗ್ಗುಲಲ್ಲಿಯೂ ಇರುವ ವಸ್ತು. ಈ ಕಲೆಯಲ್ಲಿ ಹೆಣ್ಣಿನ ಪಾಲು ಎಷ್ಟೆಂಬುದಕ್ಕೆ ಸಾಕ್ಷಿ ಬೇಕಾದರೆ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತನ್ನು ಮೀರಿದ ಇಳಿವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದನ್ನು ಸ್ಮರಿಸಬಹುದು.

ಗೊಂಬೆಯ ರಚನೆಯನ್ನು ತಿಳಿಯದೆ ಹಾಸ್ಯದ ಮರ್ಮವು ತಿಳಿಯದು. ಆಡಿನ ಚರ್ಮವನ್ನು ನೆನೆಹಾಕಿ, ಕೂದಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಒಣಗಿಸಿ, ಅದರ ಮೇಲೆ ಆಕೃತಿಯನ್ನು ಬರೆದು, ಕೆಂಪು ಹಸುರು ಕಪ್ಪು ಬಣ್ಣಗಳನ್ನು ತುಂಬಿ, ಒಡವೆವಸ್ತ್ರಗಳ ಅಂದಕ್ಕಾಗಿ ಸಣ್ಣ ಉಳಿಗಳಿಂದ ರಂಧ್ರಗಳನ್ನು ಕೊರೆಯುತ್ತಾರೆ. ದೀಪದ ಮುಂದೆ ಹಿಡಿದಾಗ ಬಣ್ಣವು ಪರದೆಯ ಮೇಲೆ ರತ್ನದ ಕಾಂತಿಯಿಂದ ಮೂಡುತ್ತದೆ. ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಅಳತೆ: ದೇವತೆಗಳೂ ಅರಸರೂ ದೊಡ್ಡವರು, ಆಳುಕಾಳುಗಳು ಸಣ್ಣವರು. ಕರ್ಣಾಟಕದ ವೈಶಿಷ್ಟ್ಯವೆಂದರೆ, ಒಂದು ಇಡೀ ದೃಶ್ಯವನ್ನೇ ಒಂದೇ ತೊಗಲಿನಲ್ಲಿ ಕಂಡರಿಸುವುದು. ರಾವಣನ ಒಡ್ಡೋಲಗವೋ ರಾಮನ ಪಟ್ಟಾಭಿಷೇಕವೋ ಒಂದೇ ಚೌಕಟ್ಟಿನಲ್ಲಿ ನಿಂತಿರುತ್ತದೆ. ಹಿರಿಯೂರಿನ ತೇರುಮಲ್ಲೇಶ್ವರನ ದೇವಾಲಯದಲ್ಲಿ ಛಾವಣಿಯ ಪುರಾಣಚಿತ್ರಗಳನ್ನು ಕತ್ತೆತ್ತಿ ನೋಡಿದವರಿಗೆ ಈ ಸಂಯೋಜನೆಯ ಕ್ರಮವು ಅಪರಿಚಿತವೆನಿಸದು. ಆದರೆ ಇಂಥ ಗೊಂಬೆಯು ಚಲಿಸುವುದು ಕಡಮೆ. ರಾಜಗಾಂಭೀರ್ಯಕ್ಕೆ ಅದು ಒಪ್ಪುತ್ತದೆ; ರಾಮನು ತೋಳನ್ನೊಮ್ಮೆ ಎತ್ತಿದರೆ ಸಾಕು, ಮಿಕ್ಕುದನ್ನು ಹಾಡು ನಡೆಸುತ್ತದೆ. ಕಿಳ್ಳೇಕ್ಯಾತನ ಗೊಂಬೆಯಾದರೋ ಕತ್ತಿನಲ್ಲಿ, ಭುಜದಲ್ಲಿ, ಮೊಣಕೈಯಲ್ಲಿ, ಸೊಂಟದಲ್ಲಿ, ಕಾಲಿನಲ್ಲಿ ಕೀಲುಗಳನ್ನು ಪಡೆದುದು. ಪರದೆಯ ಮೇಲೆ ಮಹಾತ್ಮರು ನಿಂತಿರುತ್ತಾರೆ, ಸಾಮಾನ್ಯರು ಚಲಿಸುತ್ತಾರೆ. ನಿಜಾರ್ಥದಲ್ಲಿ ಅನಿಮೇಷನ್ ಎನ್ನಬಹುದಾದುದು ತೊಗಲುಗೊಂಬೆಯಾಟದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಈ ವಿದೂಷಕರ ಪಾಲಿಗೇ ಬಂದಿದೆ.

ನೆರಳಿನ ಗೊಂಬೆಗೂ ಚಲಚ್ಚಿತ್ರಕ್ಕೂ ಇರುವ ಬಾಂಧವ್ಯವು ಕಲ್ಪಿತವಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ರಟ್ಟಿನಲ್ಲಿಯೂ ಸೀಸದ ತೆಳುತಗಡಿನಲ್ಲಿಯೂ ಆಕೃತಿಗಳನ್ನು ಕತ್ತರಿಸಿ, ಕೀಲುಗಳಿಂದ ಜೋಡಿಸಿ, ಕೆಳಗಿನಿಂದ ಬೆಳಕು ಹಾಯಿಸಿ, ಕೂದಲೆಳೆಯಷ್ಟು ಜರುಗಿಸುತ್ತ ಒಂದೊಂದೇ ಚಿತ್ರವನ್ನು ತೆಗೆದು, 1926ರಲ್ಲಿ ರಾಜಕುಮಾರ ಅಹ್ಮದನ ಕಥೆಯನ್ನು ತೆರೆಗೆ ತಂದಳು. ಇಂದು ಉಳಿದುಬಂದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಆಕೆಯ ಸಾಧನವೂ ನಮ್ಮ ಗೊಂಬೆಯವನ ಸಾಧನವೂ ಒಂದೇ. ಆಕೆ ಮೂರು ವರ್ಷ ಶ್ರಮಿಸಿ ಸಾಧಿಸಿದ ಚಲನೆಯನ್ನು ಇವನು ಪ್ರೇಕ್ಷಕರ ನಗುವನ್ನು ಕಿವಿಯಿಂದ ಅಳೆಯುತ್ತ ಆ ಕ್ಷಣದಲ್ಲಿಯೇ ಸೃಷ್ಟಿಸಬೇಕು; ನಗು ಬೇಗ ನಿಂತರೆ ಮಾತು ಬೇಗ ಬರಬೇಕು, ನಗು ಉಕ್ಕಿದರೆ ಗೊಂಬೆಯು ಬಾಯಿ ಮುಚ್ಚಿಕೊಂಡು ಕುಣಿಯುತ್ತಿರಬೇಕು.

ಈಗ ಪ್ರಸಂಗಕ್ಕೆ ಬರೋಣ. ವಾಣಿವಿಲಾಸಸಾಗರದ ಹಿನ್ನೀರಿಗೆ ಅನತಿದೂರದಲ್ಲಿರುವ ಹೊಸದುರ್ಗ ತಾಲ್ಲೂಕಿನ ಒಂದು ಗ್ರಾಮದಲ್ಲಿ ನಾನು ಕಂಡ ಆಟವದು. ರಾತ್ರಿಯ ಕಥೆ ಪಂಚವಟಿಯದು. ಸೀತೆಯು ಬಂಗಾರದ ಜಿಂಕೆಯನ್ನು ಕಂಡು ಮನಸೋತು, ಅದು ತನಗೆ ಬೇಕೆಂದು ರಾಮನನ್ನು ಕೇಳುವವರೆಗೆ ಕಥೆಯು ಬಂದಿತ್ತು. ಜಿಂಕೆಯು ಇನ್ನೂ ಪರದೆಗೆ ಬಂದಿರಲಿಲ್ಲ. ಅಷ್ಟರಲ್ಲಿ ರಾಮಸೀತೆಯರ ಗೊಂಬೆಗಳನ್ನು ಪರದೆಯ ಒಂದು ಮೂಲೆಗೆ ಸಿಕ್ಕಿಸಿಟ್ಟು, ಬಂಗಾರಕ್ಕನನ್ನು ಇನ್ನೊಂದು ಮೂಲೆಯಿಂದ ಬಿಟ್ಟರು. ಅವಳು ಬಂದವಳೇ ಬೇಲಿಯ ಸಂದಿನಿಂದ ಪಕ್ಕದ ಮನೆಯನ್ನು ನೋಡುವವಳಂತೆ ರಾಮಸೀತೆಯರನ್ನು ನೋಡಿದಳು. ನೋಡಿ, ಗಂಡನನ್ನು ಕೂಗಿದಳು.

“ಆ ಸೀತಮ್ಮ ಬಾಯಿ ಬಿಟ್ಟಿದ್ದೇ ತಡ, ಆ ರಾಮಪ್ಪ ಬಿಲ್ಲಿಗೆ ಕೈ ಹಾಕ್ತಾ ಅವ್ನೆ. ನಾನು ಕೇಳಿ ಎಷ್ಟು ಸುಗ್ಗಿ ಆತು? ನೀನು ಹಟ್ಟಿ ಬಾಗ್ಲು ದಾಟಿಲ್ಲ.”

ಅವಳಿಗೂ ಬಂಗಾರದ ಜಿಂಕೆ ಬೇಕು. ಕಿಳ್ಳೇಕ್ಯಾತನು ಹಲ್ಲು ಕಿರಿದು, ಮದುವೆಯ ದಿನವೇ ಬಂಗಾರದ ಮಾತು ಕೊಟ್ಟಿದ್ದೆನಲ್ಲ ಎನ್ನುತ್ತಾನೆ. ಏನು ಮಾತು? “ಮಾರಿಕಣಿವೆ ಕೋಡಿ ಬಿದ್ದ ವರ್ಷ ಮೈತುಂಬಾ ಬಂಗಾರ ಹಾಕ್ತೀನಿ ಅಂದಿದ್ನಲ್ಲೇ!” ಬಂಗಾರಕ್ಕನು ಒಡನೆಯೇ ಉತ್ತರ ಕೊಡಲಿಲ್ಲ. ಗೊಂಬೆಯ ಕತ್ತು ಮೆಲ್ಲನೆ ಪ್ರೇಕ್ಷಕರ ಕಡೆಗೆ ತಿರುಗಿತು. ಮತ್ತೆ ಮೆಲ್ಲನೆ ಗಂಡನ ಕಡೆಗೆ ತಿರುಗಿತು. “ಬಿತ್ತಲ್ಲಾ!” ಎಂದಳು, ಮದ್ದಳೆಯ ಒಂದು ಪೆಟ್ಟು ಬೀಳುವಷ್ಟು ಹೊತ್ತು ಸುಮ್ಮನಿದ್ದು, “ಎಲ್ಡು ಸಲ ಬಿತ್ತು!” ಎಂದಳು.

ಆ ಸೀಮೆಯವರಲ್ಲದ ಓದುಗರಿಗಾಗಿ ಇಷ್ಟನ್ನು ವಿವರಿಸುವುದು ಅವಶ್ಯ. ವೇದಾವತೀ ನದಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸಸಾಗರ ಜಲಾಶಯವು, 130 ಅಡಿಗಳ ಪೂರ್ಣಮಟ್ಟಕ್ಕೆ ತುಂಬಿ ಕೋಡಿ ಬಿದ್ದುದು 1933ರಲ್ಲಿ. ಆಮೇಲೆ ಎಂಬತ್ತೊಂಬತ್ತು ವರ್ಷಗಳ ಕಾಲ, ಮೂರು ತಲೆಮಾರುಗಳು ಹುಟ್ಟಿ ಬೆಳೆದರೂ, ಆ ಕೋಡಿಯ ಮೇಲೆ ನೀರು ಹರಿಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅದು ಮತ್ತೆ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಇನ್ನೊಮ್ಮೆ. ಎಂದಿಗೂ ನಡೆಯದುದಕ್ಕೆ ಗಡುವಾಗಿ ಇಟ್ಟಿದ್ದ ಮಾತು ಇದ್ದಕ್ಕಿದ್ದಂತೆ ಸಾಲಪತ್ರವಾಗಿ ಕಿಳ್ಳೇಕ್ಯಾತನ ಕುತ್ತಿಗೆಗೆ ಬಿದ್ದುದು ಹೀಗೆ. ಕೋಡಿ ಬಿದ್ದುದನ್ನು ಕಂಡು ಬಂದ ಜನವೇ ಅಲ್ಲಿ ಕುಳಿತಿದ್ದುದರಿಂದ ನಗುವು ಒಂದು ಸಲಕ್ಕೆ ಮುಗಿಯಲಿಲ್ಲ. ಸ್ಥಳೀಯ ಸಂಗತಿಯನ್ನು ಹಾಸ್ಯಕ್ಕೆ ತರುವುದು ಎಲ್ಲ ವಿದೂಷಕರಿಗೂ ಗೊತ್ತಿರುವ ವಿದ್ಯೆ. ಆದರೆ ಬಹುಮಂದಿ ಅದನ್ನು ಹೊರಗಿನಿಂದ ತಂದು ಅಂಟಿಸುತ್ತಾರೆ. ಇಲ್ಲಿ ಕೋಡಿಯು ಗಂಡಹೆಂಡಿರ ನಡುವಣ ಒಪ್ಪಂದದೊಳಕ್ಕೇ ಇಳಿದು, ಕಥೆಯನ್ನು ಮುಂದಕ್ಕೆ ನೂಕಿತು. ಕಿಳ್ಳೇಕ್ಯಾತನು ಇನ್ನು ಮನೆಯಲ್ಲಿ ನಿಲ್ಲುವಂತಿಲ್ಲ, ಹೊರಡಲೇಬೇಕು.

ಹೊರಟವನು ಹೊಳಲ್ಕೆರೆಯ ಸಂತೆಗೆ ಹೋಗಿ ಬಂದನೆಂಬುದನ್ನು ಪರದೆಯ ಒಂದು ಸುತ್ತಿನಲ್ಲಿ ತೋರಿಸಿ, ಹಿಂದಿರುಗುವಾಗ ಹಗ್ಗದ ತುದಿಯಲ್ಲಿ ಒಂದು ಆಡನ್ನು ಹಿಡಿದು ತಂದರು. ಮೈಗೆಲ್ಲ ಅರಿಸಿನ ಬಳಿದುದರಿಂದ ಅದೇ ಬಂಗಾರದ ಜಿಂಕೆ. ಬಂಗಾರಕ್ಕನು ನೇವರಿಸಿದಳು, ಅರಿಸಿನವು ಕೈಗೆ ಬಂದಿತು. ಜಿಂಕೆಯು ‘ಮ್ಯಾ’ ಎಂದಿತು. ಜಿಂಕೆ ಮ್ಯಾ ಎನ್ನುವುದೆ ಎಂದು ಇವಳು ಕೇಳಿದರೆ, ಅಯೋಧ್ಯೆಯ ಜಿಂಕೆ ಅನ್ನದು, ನಮ್ಮ ಕಡೆಯ ಜಿಂಕೆ ಅನ್ನುತ್ತದೆ ಎಂದು ಅವನು ಸಾಧಿಸಿದನು. ವಾದವು ಬೆಳೆದು, ಕೊನೆಗೆ ಸೋತ ಕಿಳ್ಳೇಕ್ಯಾತನು, ಜಿಂಕೆಯಲ್ಲದಿದ್ದರೆ ಹೋಗಲಿ, ಕುಯ್ದು ಚರ್ಮ ಸುಲಿಯೋಣ ಎಂದು ಮಚ್ಚನ್ನೆತ್ತಿದಾಗ, ಬಂಗಾರಕ್ಕನು ಅಡ್ಡ ಬಂದು ಆಡಿದ ಮಾತು, ಆ ರಾತ್ರಿಯ ಆಟದಲ್ಲಿಯೇ ಶ್ರೇಷ್ಠವಾದುದು: “ಬ್ಯಾಡ ಕಣೋ! ನಾವಿಬ್ರೂ ಇದ್ರ ತೊಗಲಾಗೆ ಹುಟ್ದೋರು. ಹೆತ್ತೋಳ್ನ ಕುಯ್ದಂಗಾತದೆ.”

ಮುಂದೆ ಕುಳಿತಿದ್ದ ಮಕ್ಕಳಿಗೆ ಆ ಮಾತು ತಕ್ಷಣ ತಿಳಿಯಲಿಲ್ಲ. ಹಿಂದಿನ ಸಾಲಿನ ಮುದುಕರು ಮೊದಲು ನಕ್ಕರು. ಬೊಂಬೆಯು ತಾನು ಬೊಂಬೆಯೆಂದು ಅರಿತು ಮಾತಾಡುವ ಕೌಶಲವನ್ನು ಆಧುನಿಕ ನಾಟಕಕಾರರ ಸೃಷ್ಟಿಯೆಂದು ಪಾಠ ಹೇಳುವುದುಂಟು. ಇಲ್ಲಿ ಅದು ಕೌಶಲವಾಗಿ ಕಾಣಿಸಲಿಲ್ಲ, ಕರುಣೆಯಾಗಿ ಕಾಣಿಸಿತು. ಜಗಳಗಂಟಿಯಾದ ಬಂಗಾರಕ್ಕನು ಒಂದು ನಿಮಿಷದ ಮಟ್ಟಿಗೆ ಪ್ರಾಣಿದಯೆಯನ್ನು ತೋರುವಳು. ಮರುನಿಮಿಷವೇ ಆಡು ಅವಳ ಮೊರದಲ್ಲಿದ್ದ ರಾಗಿಗೆ ಬಾಯಿ ಹಾಕಲಾಗಿ ಒನಕೆಯನ್ನೆತ್ತಿಕೊಂಡು ಅಟ್ಟಿಸಿಕೊಂಡು ಹೋಗುವಳು. ದುರ್ಗದ ಸೀಮೆಯಲ್ಲಿ ಒನಕೆಯನ್ನೆತ್ತಿದ ಹೆಂಗಸಿಗೆ ದೊರೆಯುವ ಜಯಕಾರವನ್ನು ಹೇಳಬೇಕಾದುದೇ ಇಲ್ಲ. ಓಬವ್ವನ ಹೆಸರನ್ನು ನಾಲ್ಕೈದು ಕಂಠಗಳು ಕೂಗಿದವು. ಆಡು ಪರದೆಯ ಎಡಗಡೆಯಿಂದ ಬಲಗಡೆಗೆ ನೆಗೆದು ಮರೆಯಾಯಿತು, ಅದರ ಹಿಂದೆ ಬಂಗಾರಕ್ಕ, ಅವಳ ಹಿಂದೆ ಕಿಳ್ಳೇಕ್ಯಾತ. ಅವರ ನೆರಳು ಅತ್ತ ಮಾಯವಾಗುತ್ತಿದ್ದ ಹಾಗೆಯೇ, ಅದೇ ಎಡ ಅಂಚಿನಿಂದ, ಅದೇ ನೆಗೆತದ ಲಯದಲ್ಲಿ, ಮೈತುಂಬ ಚುಕ್ಕಿಗಳನ್ನು ಕೊರೆದ ಮಾರೀಚನ ಜಿಂಕೆಯು ಥಳಥಳಿಸುತ್ತ ಬಂದಿತು, ಹಾಡು ಎದ್ದಿತು, ಮೂಲೆಯಲ್ಲಿದ್ದ ರಾಮನ ತೋಳು ಬಿಲ್ಲಿನ ಕಡೆಗೆ ಸರಿಯಿತು.

ಈ ಕೊನೆಯನ್ನು ಕುರಿತು ಎಷ್ಟು ಹೇಳಿದರೂ ಹೆಚ್ಚಾಗದು. ಬಂಗಾರವು ಕೈಗೆ ಅಂಟಿಕೊಂಡುದನ್ನು ಈಗ ತಾನೆ ಕಂಡ ಪ್ರೇಕ್ಷಕನು ಈ ಹೊಸ ಜಿಂಕೆಯನ್ನು ನಂಬಲಾರನು. ಮಾರೀಚನ ಮೋಸವು ರಾಮನಿಗೆ ಮನದಟ್ಟಾಗುವುದು ಬಾಣ ನಾಟಿದ ಮೇಲೆ. ಅದನ್ನು ಅವನಿಗಿಂತ ಮೊದಲೇ ಕಿಳ್ಳೇಕ್ಯಾತನ ಮನೆಯಲ್ಲಿ ನಾವು ಅರಿತುಕೊಂಡಿರುತ್ತೇವೆ. ಇಷ್ಟರಿಂದ ರಾಮಕಥೆಯ ಗಾಂಭೀರ್ಯಕ್ಕೆ ಲೋಪ ಬಂದಿತೆ? ನನ್ನ ಅನುಭವದಲ್ಲಿ ಇಮ್ಮಡಿಯಾಯಿತು. ಅಷ್ಟು ಹೊತ್ತು ನಕ್ಕ ಜನವು, ರಾಮನು ಆ ಮೃಗದ ಹಿಂದೆ ಹೊರಟುದನ್ನು ಕಂಡಾಗ, ಬೇಡವೆಂದು ಕೂಗಲಾರದವರ ಕಳವಳದಿಂದ ನೋಡಿತು. ಹೆಂಡತಿಯ ಒಂದು ಬಯಕೆ, ಗಂಡನ ಒಂದು ಒಪ್ಪಿಗೆ: ಒಂದು ಮನೆಯಲ್ಲಿ ಅದರಿಂದ ಒಂದು ಮೊರ ರಾಗಿ ಹಾಳಾಗುತ್ತದೆ, ಇನ್ನೊಂದು ಮನೆಯಲ್ಲಿ ಅದರಿಂದ ಲಂಕೆಯೇ ಸುಡುತ್ತದೆ. ಹಾಸ್ಯವನ್ನು ಕಥೆಯ ನಡುವಣ ವಿಶ್ರಾಂತಿಯೆಂದು ತಿಳಿದವರು ಈ ಜೋಡಣೆಯನ್ನು ಹೇಗೆ ವಿವರಿಸುವರೋ ಅರಿಯೆನು.

ದೋಷಗಳಿಲ್ಲದಿರಲಿಲ್ಲ. ಸಂತೆಯ ದಾರಿಯಲ್ಲಿ ಕಿಳ್ಳೇಕ್ಯಾತನು ಕುಡಿದು ತೂರಾಡುವ ಭಾಗವು ಅಗತ್ಯಕ್ಕಿಂತ ಬಹಳ ದೀರ್ಘವಾಗಿತ್ತು. ನಡುವೆ ಚಲನಚಿತ್ರದ ಧಾಟಿಯ ಹಾಡೊಂದಕ್ಕೆ ಗೊಂಬೆಯನ್ನು ಕುಣಿಸಿದುದು ಯುವಕರ ಶಿಳ್ಳೆಗೆ ಕಾರಣವಾಯಿತಾದರೂ ಕಥೆಯ ಓಟವನ್ನು ಕಡಿದು ಹಾಕಿತು. ಧ್ವನಿವರ್ಧಕದ ಅಬ್ಬರದಲ್ಲಿ ಹೆಣ್ಣಿನ ದನಿಯ ಏರಿಳಿತಗಳು ಒಡೆದುಹೋದವು. ಅಷ್ಟು ಚಿಕ್ಕ ಸಭೆಗೆ ಆ ಯಂತ್ರವು ಬೇಕಿರಲಿಲ್ಲ. ಗಂಡನು ಹೆಂಡತಿಯನ್ನು ಒದೆಯುವ ಒಂದು ಸಂದರ್ಭವೂ ಬಂದಿತು. ಹಳೆಯ ಆಟಗಳಲ್ಲಿ ಇದು ಮಾಮೂಲೇ. ಬಂಗಾರಕ್ಕನು ಎರಡರಷ್ಟು ಹಿಂದಿರುಗಿಸುವಳೆಂಬುದೂ ಮಾಮೂಲೇ. ಆದರೂ ಮಾತಿನಲ್ಲಿ ಅವಳು ಗೆದ್ದ ಮೇಲೆ ಕಾಲಿನಿಂದ ಉತ್ತರ ಕೊಡಿಸುವುದು ಕಲೆಗಾರನ ಸೋಲೇ ಹೊರತು ಪಾತ್ರದ ಗುಣವಲ್ಲ. ಗ್ರಾಮ್ಯತೆಯ ವಿಷಯದಲ್ಲಿ ನನ್ನ ತಕರಾರು ಅಷ್ಟಿಲ್ಲ. ಕಿಳ್ಳೇಕ್ಯಾತನ ಮಾತು ಹಸಿಯಾದುದೆಂದು ಸಭ್ಯರು ಮೂಗು ಮುರಿಯುತ್ತ ಬಂದಿದ್ದಾರೆ. ಸರ್ಕಾರದ ವೇದಿಕೆಗಳಿಗೆ ಬಂದಾಗ ಅದನ್ನು ಸೋಸಿ ತೆಗೆಯುವುದೂ ಉಂಟು. ಬಿತ್ತನೆ, ಬಸಿರು, ಮಳೆಗಳ ಜೊತೆಯಲ್ಲಿಯೇ ಬದುಕುವವರ ನಗೆಯಲ್ಲಿ ದೇಹದ ಪ್ರಸ್ತಾಪವಿರುವುದು ಸಹಜ. ಮಳೆಗಾಗಿ ಆಡುವ ಆಟದಲ್ಲಿ ಅದು ಅಪ್ರಸಕ್ತವೂ ಅಲ್ಲ. ಕೇಳುವ ಹೆಂಗಸರನ್ನು ನಾಚಿಸಿ ಏಳಿಸುವ ಮಾತು ಒಂದು, ಅವರನ್ನೂ ಕೂಡಿಸಿಕೊಂಡು ನಗಿಸುವ ಮಾತು ಒಂದು. ಆ ರಾತ್ರಿ ಹೆಂಗಸರು ಎದ್ದುಹೋಗಲಿಲ್ಲ.

ಲೋಕದ ಬೇರೆ ಕಡೆಗಳಲ್ಲಿಯೂ ನೆರಳಿನಾಟಗಳು ಇಂಥ ಸಾಮಾನ್ಯರನ್ನು ಸಾಕಿಕೊಂಡಿವೆ. ಜಾವಾದ ವಯಾಂಗ್ ಆಟದಲ್ಲಿ ಪಾಂಡವರ ಪರಿಚಾರಕನಾದ ಸೆಮಾರನೂ ಅವನ ಮಕ್ಕಳೆನಿಸಿದ ಗಾರೆಂಗ್, ಪೆತ್ರುಕ್, ಬಾಗೋಂಗರೂ ಮಹಾಭಾರತದ ನಡುವೆ ಸ್ವಂತ ಮನೆಮಾತನ್ನು ಹೂಡುತ್ತಾರೆ. ತುರ್ಕಿಯ ಕರಾಗೋಜನು ಒಂಟೆಯ ತೊಗಲಿನವನು, ಹೆಂಡತಿಯಿಂದ ಬೈಸಿಕೊಳ್ಳುವುದರಲ್ಲಿ ನಮ್ಮವನಿಗೆ ಸಾಟಿ. ನೆರೆಯ ಆಂಧ್ರದಲ್ಲಿಯೂ ಬಂಗಾರಕ್ಕನೆಂಬ ಹೆಸರಿನವಳೇ ಪರದೆಯ ಮೇಲೆ ಆಳುತ್ತಾಳೆ. ಇವರೆಲ್ಲರಿಗೂ, ದೂರದರ್ಶನದ ಹೊಸ ಸಂಸಾರಗಳಿಗೂ ಸಮಾನವಾದ ಒಂದು ಲಕ್ಷಣವನ್ನು ನಾನು ವಿಶೇಷವಾಗಿ ಎತ್ತಿಹೇಳಬಯಸುತ್ತೇನೆ. ಸಿಂಪ್ಸನ್ನರ ಮನೆಯ ಬಾರ್ಟ್ ಎಂಬ ಹುಡುಗನಿಗೆ ಮೂರು ದಶಕಗಳು ಕಳೆದರೂ ಹತ್ತೇ ವರ್ಷ; ಸಝಾಎಯ ಮನೆಯಲ್ಲಿ ಋತುಗಳು ತಿರುಗುತ್ತವೆ, ಯಾರಿಗೂ ಮುಪ್ಪು ಬಾರದು. ಒಂದು ಕಂತಿನಲ್ಲಿ ಮನೆಯೇ ಮುರಿದುಬೀಳುವಂತಾದರೂ ಮುಂದಿನ ಕಂತು ಮೊದಲಿದ್ದ ಸ್ಥಿತಿಯಿಂದಲೇ ಹೊರಡಬೇಕು. ಕಿಳ್ಳೇಕ್ಯಾತನ ಮನೆಯ ಧರ್ಮವೂ ಅದೇ. ರಾಮನು ಕಾಡಿಗೆ ಹೋದರೆ ಹದಿನಾಲ್ಕು ವರ್ಷ ಕಳೆಯಲೇಬೇಕು, ಸೀತೆ ಹೋದರೆ ಸೇತುವೆ ಕಟ್ಟಲೇಬೇಕು, ರಾವಣನು ಸತ್ತರೆ ಸತ್ತನು. ಬಂಗಾರಕ್ಕನಿಗೆ ಬಂಗಾರ ಸಿಗುವುದಿಲ್ಲ. ಅವಳು ಕೇಳುವುದನ್ನು ಬಿಡುವುದೂ ಇಲ್ಲ. ಮಾರನೆಯ ರಾತ್ರಿ ಊರು ಬೇರೆಯಾಗಿ ಕಥೆಯು ವಿರಾಟಪರ್ವವಾದರೂ ಅವಳು ಅದೇ ಮೂಲೆಯಿಂದ ಅದೇ ಗಂಡನನ್ನು ಕೂಗುತ್ತ ಬರುವಳು. ಕಾವ್ಯವು ಕಾಲದೊಳಗೆ ನಡೆಯುತ್ತದೆ, ಸಂಸಾರವು ಒಂದೇ ಕಡೆ ಸುತ್ತುತ್ತದೆ. ಎರಡನ್ನೂ ಒಂದೇ ಬಿಳಿಯ ಪಂಚೆಯ ಮೇಲೆ ಏಕಕಾಲಕ್ಕೆ ನಿಲ್ಲಿಸಿ ತ್ರೇತಾಯುಗವನ್ನು ಹೊಸದುರ್ಗದ ಒಂದು ಹಟ್ಟಿಯ ಪಕ್ಕಕ್ಕೆ ತಂದ ಕಲ್ಪನೆಯು, ದೂರದರ್ಶನದ ಸರಣಿಗಳಿಗೆ ಒದಗದಿರುವ ಭಾಗ್ಯ.

ಇಂಥ ಆಟಗಳು ಈಗ ವಿರಳ. ಬೆಳಗಾಗುವವರೆಗೆ ನಡೆಯುತ್ತಿದ್ದುದು ಒಂದೆರಡು ಗಂಟೆಗಳಿಗೆ ಇಳಿದಿದೆ. ಹರಳೆಣ್ಣೆಯ ದೀಪದ ಸ್ಥಾನಕ್ಕೆ ವಿದ್ಯುತ್ತಿನ ಬುರುಡೆ ಬಂದು, ಜ್ವಾಲೆಯ ಅಲುಗಾಟದಿಂದ ಗೊಂಬೆಗೆ ತಾನಾಗಿ ಬರುತ್ತಿದ್ದ ಉಸಿರಾಟವು ಇಲ್ಲವಾಗಿದೆ. ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಿದ್ದಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರಂಥವರು ಸ್ವಾತಂತ್ರ್ಯಸಂಗ್ರಾಮದ ಕಥೆಯನ್ನು ತೊಗಲಿಗೆ ತಂದು ಈ ಕಲೆಗೆ ಹೊಸ ಸಭೆಗಳನ್ನು ಸಂಪಾದಿಸಿಕೊಟ್ಟರು. 2023ರ ಏಪ್ರಿಲಿನಲ್ಲಿ ಚಿತ್ರದುರ್ಗ ಜಿಲ್ಲೆಯ ರಸ್ತೆಯೊಂದರಲ್ಲಿ ಅಪಘಾತಕ್ಕೆ ಸಿಕ್ಕಿ ವೀರಣ್ಣನವರು ತೀರಿಕೊಂಡರು. ಹಳೆಯ ಗೊಂಬೆಗಳನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಶ್ರದ್ಧೆಯ ಫಲವಾಗಿಯೂ, ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಎಚ್. ಎಲ್. ನಾಗೇಗೌಡರ ಪ್ರಯತ್ನದಿಂದಲೂ ಇಂದು ಕಾಣಬಹುದಾಗಿದೆ. ಅಲ್ಲಿ ಬಂಗಾರಕ್ಕನು ಗಾಜಿನ ಹಿಂದೆ ಮೂಕಳಾಗಿದ್ದಾಳೆ. ಅವಳ ಮಾತನ್ನು ಯಾರೂ ತೊಗಲಿನ ಮೇಲೆ ಬರೆದಿಟ್ಟಿಲ್ಲ. ಹೊಸದುರ್ಗ ತಾಲ್ಲೂಕಿನದೇ ಆದ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಶ್ರಯದಲ್ಲಿ ಶಿವಕುಮಾರ ಕಲಾಸಂಘವು ವರ್ಷವರ್ಷವೂ ನಾಟಕೋತ್ಸವವನ್ನು ನಡೆಸುತ್ತದೆ. ಶಿವಸಂಚಾರವೆಂಬ ತಿರುಗಾಟವು 1997ರಿಂದ ನಾಡಿನ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಪ್ರೇಕ್ಷಕರು ಬಯಲುರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ನೋಡಿ, ಮರುದಿನ ಅಭಿನಯವನ್ನೂ ನಿರ್ದೇಶನವನ್ನೂ ಕುರಿತು ಚರ್ಚಿಸುತ್ತಾರೆ. ಅಷ್ಟು ಸಂಸ್ಕಾರವಿರುವ ನೆಲದಲ್ಲಿ, ನೆರೆಯ ಊರಿನಲ್ಲಿ ಆಡಿದ ಕಿಳ್ಳೇಕ್ಯಾತನ ಪ್ರಸಂಗಕ್ಕೂ ಅಂಥ ನಾಲ್ಕು ಮಾತು ದೊರೆಯಬಾರದೇಕೆ? ಯಾವ ಊರಿನಲ್ಲಿ, ಯಾವ ಕಥೆಯ ಯಾವ ಸಂಧಿಯಲ್ಲಿ, ಯಾವ ಜಗಳವನ್ನು ಹೂಡಿದರು, ಯಾವ ಮಾತಿಗೆ ಯಾರು ನಕ್ಕರು ಎಂಬುದನ್ನು ಕೇಳಿದವರು ಬರೆದಿಡಬೇಕು. ಚರ್ಮವನ್ನು ಕಾಪಾಡುವುದಕ್ಕೆ ವಸ್ತುಸಂಗ್ರಹಾಲಯಗಳಿವೆ; ಮಾತನ್ನು ಕಾಪಾಡುವುದಕ್ಕೆ ವಿಮರ್ಶೆಯಲ್ಲದೆ ಬೇರೆ ಸಾಧನವಿಲ್ಲ.

ಆಟ ಮುಗಿದ ಮೇಲೆ, ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ, ಆಡಿನ ತೊಗಲಿನ ಆ ಮಾತು ಯಾರದೆಂದು ನಾನು ವಿಚಾರಿಸಿದೆನು. ಗೊಂಬೆಯವನು ಹಿರಿಯರದೆಂದನು. ಬಂಗಾರಕ್ಕನಾಗಿ ಮಾತಾಡಿದ ಅವನ ಹೆಂಡತಿಯು ಒಪ್ಪಲಿಲ್ಲ. ಅತ್ತೆಯ ಕಾಲದಲ್ಲಿ ಕಿಳ್ಳೇಕ್ಯಾತನು ಸಂತೆಯಿಂದ ತರುತ್ತಿದ್ದುದು ಆಡಲ್ಲ, ಕತ್ತೆ. ಆ ಕತ್ತೆಯ ಗೊಂಬೆಯು ಹರಿದು, ಕುಲದ ಪದ್ಧತಿಯಂತೆ ಪೂಜೆಮಾಡಿ ಅದನ್ನು ಹೊಳೆಗೆ ಬಿಟ್ಟ ವರ್ಷ, ಹೊಸದನ್ನು ಮಾಡಿಸುವುದಕ್ಕೆ ಕೈಯಲ್ಲಿ ಹಣವಿಲ್ಲದೆ, ಬೇರೊಂದು ಕಥೆಗಾಗಿ ಇದ್ದ ಆಡಿನ ಗೊಂಬೆಯನ್ನು ಗಂಡನು ಪರದೆಗೆ ಹಿಡಿದನು. ಕತ್ತೆಗೆ ಹೇಳುತ್ತಿದ್ದ ಹಳೆಯ ಮಾತು ಆಡಿಗೆ ಒಪ್ಪಲಿಲ್ಲ, ಇನ್ನೇನಾದರೂ ಹೇಳಲೇಬೇಕಾಗಿತ್ತು, ಬಾಯಿಗೆ ಬಂದುದು ಅದು.